ಎನ್‌ಕ್ರಿಪ್ಟ್ ಮಾಡಿದ ಡಿಎನ್‌ಎಸ್ ಕೈಕೊಟ್ಟಾಗ: ದೋಷ ಎಲ್ಲಿದೆ ಎಂದು ಹುಡುಕುವ ಬಗೆ

ವೈಫೈ ಗುರುತು ತುಂಬಿದೆ, ರೂಟರ್‌ನ ದೀಪಗಳೆಲ್ಲ ಹಸಿರಾಗಿವೆ, ಆದರೂ ಒಂದು ಪುಟವೂ ತೆರೆಯುತ್ತಿಲ್ಲ. ತಾಣದ ಹೆಸರು ಕೊಟ್ಟರೆ ಅದರ ಸಂಖ್ಯಾ ವಿಳಾಸ ಹೇಳುವ ವ್ಯವಸ್ಥೆಯೇ ಡಿಎನ್‌ಎಸ್. ಅದರ ಪ್ರಶ್ನೆಗಳನ್ನು ಎನ್‌ಕ್ರಿಪ್ಟ್ ಮಾಡಿ, ಅಂದರೆ ಗುಟ್ಟಾಗಿ, ಕಳಿಸಬಲ್ಲ ತಂತ್ರಾಂಶಗಳಾದ ಡಿಎನ್‌ಎಸ್‌ಕ್ರಿಪ್ಟ್-ಪ್ರಾಕ್ಸಿ, ಸ್ಟಬ್ಬಿ, ಅನ್‌ಬೌಂಡ್, ಆಡ್‌ಗಾರ್ಡ್ ಹೋಮ್ ಇವುಗಳಲ್ಲಿ ಯಾವುದನ್ನಾದರೂ ಹಾಕಿಕೊಂಡ ಮನೆಗೆ ಇಂಥ ದಿನ ಬಂದೇ ಬರುತ್ತದೆ. ಆಗ ಹೆಚ್ಚಿನವರು ಮಾಡುವುದು ಒಂದೇ ಕೆಲಸ. ಹೊಸದಾಗಿ ಹಾಕಿದ್ದನ್ನು ಆಫ್ ಮಾಡಿ, ಡಿಎನ್‌ಎಸ್ ಜಾಗದಲ್ಲಿ ಗೂಗಲ್‌ನ ಸರ್ವರ್ 8.8.8.8 ಎಂದು ಬರೆದು, ಪುಟ ತೆರೆಯಿತಲ್ಲ ಎಂದು ಸುಮ್ಮನಾಗುತ್ತಾರೆ. ಪುಟವೇನೋ ತೆರೆಯಿತು, ಆದರೆ ದೋಷ ಎಲ್ಲಿತ್ತು ಎಂಬುದು ಗೊತ್ತಾಗಲೇ ಇಲ್ಲ, ಎನ್‌ಕ್ರಿಪ್ಷನ್ನೂ ಹೋಯಿತು.

ಅದು ಹೋದರೆ ಏನಾಗುತ್ತದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಪಾಲ್ ಮೊಕಾಪೆಟ್ರಿಸ್ 1983ರಲ್ಲಿ ರೂಪಿಸಿದ ಡಿಎನ್‌ಎಸ್‌ನಲ್ಲಿ ಗುಟ್ಟಿಗೆ ಜಾಗವೇ ಇರಲಿಲ್ಲ. ನೀವು ಯಾವ ತಾಣದ ಹೆಸರು ಕೇಳಿದಿರಿ ಎಂಬುದು 53ನೇ ಪೋರ್ಟ್ (ಯಂತ್ರದಲ್ಲಿ ಒಂದೊಂದು ಸೇವೆಗಿರುವ ಬಾಗಿಲಿನ ಸಂಖ್ಯೆ) ಮೇಲೆ ತೆರೆದ ಅಕ್ಷರಗಳಲ್ಲಿ ಹೋಗುತ್ತದೆ. ದಾರಿಯಲ್ಲಿರುವ ಯಾರು ಬೇಕಾದರೂ ಅದನ್ನು ಓದಬಹುದು, ಉತ್ತರವನ್ನು ತಿದ್ದಲೂಬಹುದು. ಡೊಂಬಿವಲಿಯ ನಮ್ಮ ಕನ್ನಡ ಸಂಘದ ವಾಚನಾಲಯದಲ್ಲಿ ಎರಡು ಕಂಪ್ಯೂಟರ್ ಇವೆ. ಅಲ್ಲಿ ಕೂತು ಒಬ್ಬ ಹೆಣ್ಣುಮಗಳು ಕೌಟುಂಬಿಕ ಹಿಂಸೆಗೆ ನೆರವು ಕೊಡುವ ತಾಣವನ್ನು ತೆರೆದರೆ, ಆ ಹೆಸರು ಕಟ್ಟಡದ ಟೆರೇಸಿನ ನೆಟ್‌ವರ್ಕ್ ಸ್ವಿಚ್ಚಿನಲ್ಲಿ ಯಾರ ಕಣ್ಣಿಗೂ ಬೀಳಕೂಡದು. ಅಲ್ಲಿ ನಾವು ಎನ್‌ಕ್ರಿಪ್ಟ್ ಮಾಡಿದ ಡಿಎನ್‌ಎಸ್ ಹಾಕಿದ್ದೇ ಇದಕ್ಕಾಗಿ. ಟಿಎಲ್‌ಎಸ್ ಎಂಬ ಎನ್‌ಕ್ರಿಪ್ಷನ್ ಪದರದ ಮೇಲೆ ಹೋಗುವ ಡಿಎನ್‌ಎಸ್, ಅಂದರೆ ಡಿಒಟಿ, 2016ರಲ್ಲಿ ಪ್ರಮಾಣಿತವಾಯಿತು. ಅದರ ಪೋರ್ಟ್ 853. ಎಚ್‌ಟಿಟಿಪಿಎಸ್ ಒಳಗೆ ಹೋಗುವ ಡಿಒಎಚ್ 2018ರಲ್ಲಿ ಬಂತು, ಮಾಮೂಲಿ ವೆಬ್ ಪುಟಗಳ 443ನೇ ಪೋರ್ಟನ್ನೇ ಬಳಸುತ್ತದೆ. ಕ್ವಿಕ್ ಎಂಬ ಸಾಗಣೆ ಪ್ರೋಟೋಕಾಲ್ ಮೇಲಿನ ಡಿಒಕ್ಯೂ 2022ರದು, ಯುಡಿಪಿ 853. ಡಿಎನ್‌ಎಸ್‌ಕ್ರಿಪ್ಟ್ ಎಂಬ ಇನ್ನೊಂದು ಪ್ರೋಟೋಕಾಲ್ ಇವೆಲ್ಲಕ್ಕಿಂತ ಹಿಂದಿನಿಂದ ಇದೆ. ಕೆಟ್ಟಾಗ ಹುಡುಕುವುದಕ್ಕೆ ಈ ಪೋರ್ಟ್ ಸಂಖ್ಯೆಗಳು ಬಾಯಿಪಾಠ ಇರಬೇಕು.

ಲೋಕಲ್ ರೈಲು ನಿಂತಿದೆ ಎಂದಾಗ ಮುಂಬೈಯವರು ಮೊದಲು ಕೇಳುವುದು ಯಾವ ಎರಡು ನಿಲ್ದಾಣಗಳ ನಡುವೆ ಎಂದು. ಇಲ್ಲೂ ಕೇಳಬೇಕಾದ್ದು ಅದೇ. ಬ್ರೌಸರಿನಿಂದ ಹೊರಟ ಪ್ರಶ್ನೆ ಮೊದಲು ಆಪರೇಟಿಂಗ್ ಸಿಸ್ಟಂ ಕೈಗೆ, ಅಲ್ಲಿಂದ ನಮ್ಮ ಸ್ಥಳೀಯ ರಿಸಾಲ್ವರ್‌ಗೆ (ಹೆಸರು ಬಿಡಿಸಿಕೊಡುವ, ನಾವೇ ಹಾಕಿಕೊಂಡ ತಂತ್ರಾಂಶಕ್ಕೆ), ಅಲ್ಲಿಂದ ಕೇಬಲ್‌ವಾಲಾನ ತಂತಿಯ ಮೇಲೆ ಹಾದು ದೂರದ ಸರ್ವರ್‌ಗೆ ಹೋಗುತ್ತದೆ. ಯಾವ ಎರಡರ ನಡುವೆ ನಿಂತಿತು ಎಂದು ಗೊತ್ತಾಗುವ ತನಕ ಯಾವ ಸೆಟ್ಟಿಂಗನ್ನೂ ಮುಟ್ಟಬೇಡಿ. ನಾನು ನೋಡಿದ ಮಟ್ಟಿಗೆ ಎನ್‌ಕ್ರಿಪ್ಷನ್ನೇ ಕೆಟ್ಟದ್ದು ಅಪರೂಪ. ಅದರ ಅಕ್ಕಪಕ್ಕದಲ್ಲಿರುವುದು ಕೆಡುತ್ತದೆ.

ಮೊದಲ ಐದು ನಿಮಿಷ

ಟರ್ಮಿನಲ್ ತೆರೆದು ಕ್ವಾಡ್9 ಎಂಬ ಸಾರ್ವಜನಿಕ ಡಿಎನ್‌ಎಸ್ ಸರ್ವರ್‌ನ ವಿಳಾಸವಾದ 9.9.9.9ಕ್ಕೆ ಪಿಂಗ್ ಕಳಿಸಿ. ಸಂಖ್ಯೆಗೇ ಉತ್ತರ ಬರದಿದ್ದರೆ ಇಂಟರ್ನೆಟ್ಟೇ ಇಲ್ಲ, ಡಿಎನ್‌ಎಸ್ ಅನ್ನು ದೂರಿ ಫಲವಿಲ್ಲ. ಸಂಖ್ಯೆಗೆ ಬಂದು ಹೆಸರಿಗೆ ಬರದಿದ್ದರೆ ನಾವು ಸರಿಯಾದ ಜಾಗದಲ್ಲಿದ್ದೇವೆ.

ಮುಂದಿನ ಹೆಜ್ಜೆ ಡಿಗ್, ಡಿಎನ್‌ಎಸ್ ಪ್ರಶ್ನೆ ಕೇಳುವ ಆದೇಶ. ಸ್ಥಳೀಯ ರಿಸಾಲ್ವರ್‌ನ ವಿಳಾಸವನ್ನು ಅಟ್ ಗುರುತಿನೊಂದಿಗೆ ಕೊಟ್ಟು ಯಾವುದಾದರೂ ಹೆಸರು ಕೇಳಿ. ಉತ್ತರ ಬಂತೋ ಇಲ್ಲವೋ ಎಂದಷ್ಟೇ ನೋಡಿ ಮುಚ್ಚಬೇಡಿ, ಮೇಲಿನ ಸಾಲಿನಲ್ಲಿ ಸ್ಟೇಟಸ್ ಎಂದಿರುವಲ್ಲಿ ಏನಿದೆ ಓದಿ. ಅರ್ಧ ರೋಗನಿರ್ಣಯ ಅಲ್ಲೇ ಇದೆ. ಎನ್‌ಎಕ್ಸ್‌ಡೊಮೇನ್ ಎಂದರೆ ದಾರಿ ಪೂರ್ತಿ ಸರಿಯಿದೆ, ಆ ಹೆಸರು ಇಲ್ಲ ಎಂದು ಯಾರೋ ಹೇಳಿದ್ದಾರೆ. ಯಾರು ಹೇಳಿದರು ಎಂದು ಹುಡುಕಬೇಕು, ಅಷ್ಟೆ. ರೆಫ್ಯೂಸ್ಡ್ ಎಂದರೆ ರಿಸಾಲ್ವರ್ ಜೀವಂತವಾಗಿದೆ, ನಿಮಗೆ ಉತ್ತರ ಕೊಡಲು ಒಪ್ಪುತ್ತಿಲ್ಲ. ಅನ್‌ಬೌಂಡ್ ತಾನಿರುವ ಯಂತ್ರಕ್ಕೆ ಮಾತ್ರ ಉತ್ತರಿಸುವುದು ಅದರ ಹುಟ್ಟುಗುಣ, ಮನೆಯ ಉಳಿದ ಯಂತ್ರಗಳಿಗೂ ಕೊಡಬೇಕೆಂದರೆ ಆಕ್ಸೆಸ್-ಕಂಟ್ರೋಲ್ ಸಾಲಿನಲ್ಲಿ ಮನೆಯ ವಿಳಾಸಗಳ ಗುಂಪನ್ನು ಬರೆಯಬೇಕು. ಸರ್ವ್‌ಫೇಲ್ ಎಂದರೆ ರಿಸಾಲ್ವರ್ ಮುಂದೆ ಕೇಳಲು ಹೋಗಿ ಸೋತಿದೆ, ಇಲ್ಲವೇ ಬಂದ ಉತ್ತರದ ಡಿಎನ್‌ಎಸ್‌ಸೆಕ್ ಸಹಿಯನ್ನು (ಉತ್ತರವನ್ನು ಯಾರೂ ತಿದ್ದಿಲ್ಲ ಎಂಬುದರ ಗುರುತನ್ನು) ನಂಬಲಿಲ್ಲ. ಇವೆರಡನ್ನು ಬೇರೆ ಮಾಡುವುದು ಸುಲಭ. ಅದೇ ಪ್ರಶ್ನೆಯನ್ನು ಪ್ಲಸ್ ಸಿಡಿ ಸ್ವಿಚ್ ಸೇರಿಸಿ ಕೇಳಿ. ಆಗ ಸಹಿಯ ಪರೀಕ್ಷೆ ನಡೆಯುವುದಿಲ್ಲ. ಉತ್ತರ ಬಂದರೆ ಸಹಿಯ ತೊಂದರೆ, ಆಗಲೂ ಬರದಿದ್ದರೆ ದಾರಿಯ ತೊಂದರೆ. ಏನೂ ಹೇಳದೆ ಟೈಮ್‌ಔಟ್ ಆದರೆ ಆ ವಿಳಾಸದಲ್ಲಿ ಕೇಳುವವರೇ ಇಲ್ಲದಿರಬಹುದು.

ಇಲ್ಲಿ ಒಂದು ಎಚ್ಚರಿಕೆ. ಡಿಗ್‌ಗೆ ಉತ್ತರ ಬರುತ್ತದೆ, ಬ್ರೌಸರಿಗೆ ಬರುವುದಿಲ್ಲ ಎಂಬ ದೂರು ಆಗಾಗ ಬರುತ್ತದೆ. ಡಿಗ್ ನೇರವಾಗಿ ಡಿಎನ್‌ಎಸ್ ಸರ್ವರನ್ನು ಕೇಳುತ್ತದೆ, ಯಂತ್ರದಲ್ಲೇ ಹೆಸರುಗಳನ್ನು ಬರೆದಿಡುವ ಹೋಸ್ಟ್ಸ್ ಕಡತವನ್ನಾಗಲಿ, ಹೆಸರನ್ನು ಎಲ್ಲೆಲ್ಲಿ ಹುಡುಕಬೇಕೆಂದು ಹೇಳುವ ಎನ್‌ಎಸ್‌ಸ್ವಿಚ್ ಕಡತವನ್ನಾಗಲಿ ನೋಡುವುದಿಲ್ಲ. ಉಳಿದ ತಂತ್ರಾಂಶಗಳು ಹೋಗುವ ದಾರಿಯಲ್ಲೇ ಹೋಗಿ ನೋಡಬೇಕೆಂದರೆ ಗೆಟೆಂಟ್ ಹೋಸ್ಟ್ಸ್ ಆದೇಶ ಬಳಸಿ. ಎರಡರ ಉತ್ತರ ಬೇರೆ ಬೇರೆ ಬಂದರೆ ದೋಷ ಅದೇ ಯಂತ್ರದೊಳಗಿದೆ, ತಂತಿಯ ಕಡೆ ನೋಡಬೇಕಿಲ್ಲ. ಬ್ರೌಸರ್‌ನೊಳಗೇ ಡಿಒಎಚ್ ಆನ್ ಆಗಿದ್ದರೆ ಅದು ಇವೆರಡನ್ನೂ ಬಿಟ್ಟು ತನ್ನದೇ ದಾರಿ ಹಿಡಿಯುತ್ತದೆ ಎಂಬುದೂ ನೆನಪಿರಲಿ.

53ನೇ ಪೋರ್ಟ್ ಹಿಡಿದು ಕುಳಿತವರು ಯಾರು

ಹೊಸದಾಗಿ ಹಾಕಿದ ರಿಸಾಲ್ವರ್ ಶುರುವೇ ಆಗದೆ, ವಿಳಾಸ ಆಗಲೇ ಬಳಕೆಯಲ್ಲಿದೆ ಎಂದು ಲಾಗ್ ಹೇಳಿದರೆ, ಅಲ್ಲಿ ಇನ್ನೊಬ್ಬರು ಕೂತಿದ್ದಾರೆ. ಎಸ್‌ಎಸ್ ಆದೇಶಕ್ಕೆ ಎಲ್, ಯು, ಎನ್, ಪಿ ಸ್ವಿಚ್‌ಗಳನ್ನು ಕೊಟ್ಟು ಸೂಡೋ ಜೊತೆ ಓಡಿಸಿದರೆ ಹೆಸರು ಸಮೇತ ಗೊತ್ತಾಗುತ್ತದೆ. ಉಬುಂಟುವಿನಲ್ಲಿ ಸಾಮಾನ್ಯವಾಗಿ ಸಿಗುವುದು ಸಿಸ್ಟಂ ಜೊತೆಗೇ ಬರುವ ರಿಸಾಲ್ವರ್ ಸಿಸ್ಟಂಡಿ-ರಿಸಾಲ್ವ್ಡ್. ಅದು ಕೂರುವುದು 127.0.0.53ರಲ್ಲಿ. ಹಾಗಾಗಿ 127.0.0.1ರಲ್ಲಿ ಮಾತ್ರ ಕೂರುವ ಡಿಎನ್‌ಎಸ್‌ಕ್ರಿಪ್ಟ್-ಪ್ರಾಕ್ಸಿಗೆ ಅದರಿಂದ ಅಡ್ಡಿಯಿಲ್ಲ. ಎಲ್ಲ ವಿಳಾಸಗಳಲ್ಲೂ, ಅಂದರೆ 0.0.0.0ಯಲ್ಲಿ, ಕೂರಲು ಹೊರಡುವ ಆಡ್‌ಗಾರ್ಡ್ ಹೋಮ್‌ಗೆ ಅಡ್ಡಿಯಿದೆ. ರಿಸಾಲ್ವ್ಡ್‌ನ ಸೆಟ್ಟಿಂಗ್‌ನಲ್ಲಿ ಡಿಎನ್‌ಎಸ್‌ಸ್ಟಬ್‌ಲಿಸನರ್ ಎಂಬುದಕ್ಕೆ ನೋ ಎಂದು ಬರೆದು ರೀಸ್ಟಾರ್ಟ್ ಮಾಡಿದರೆ ಜಾಗ ತೆರವಾಗುತ್ತದೆ. ಆದರೆ ರಿಸಾಲ್ವ್ ಡಾಟ್ ಕಾನ್ಫ್ ಕಡತ ಇನ್ನೂ 127.0.0.53ರತ್ತಲೇ ಬೆರಳು ತೋರಿಸುತ್ತಿದ್ದರೆ ಆ ಯಂತ್ರಕ್ಕೆ ಡಿಎನ್‌ಎಸ್ಸೇ ಇಲ್ಲದಂತಾಗುತ್ತದೆ. ಅದನ್ನೂ ಜೊತೆಯಲ್ಲೇ ಬದಲಿಸಿ. ವರ್ಚುವಲ್ ಯಂತ್ರಗಳನ್ನು ಓಡಿಸುವವರ ಲ್ಯಾಪ್‌ಟಾಪಿನಲ್ಲಿ ಲಿಬ್‌ವರ್ಟ್ ತಂದಿಟ್ಟ ಡಿಎನ್‌ಎಸ್‌ಮಾಸ್ಕ್ ಕೂಡ 53ರಲ್ಲಿ ಸಿಕ್ಕಬಹುದು.

ಡೆಬಿಯನ್‌ನ ಪ್ಯಾಕೇಜಿನಿಂದ ಡಿಎನ್‌ಎಸ್‌ಕ್ರಿಪ್ಟ್-ಪ್ರಾಕ್ಸಿ ಹಾಕಿದವರಿಗೆ ಬೇರೆಯದೇ ಒಗಟು. ಕಡತದಲ್ಲಿ ಎಷ್ಟು ತಿದ್ದಿದರೂ ಅದು ತಾನು ಕೂರುವ ಜಾಗ ಬಿಡುವುದಿಲ್ಲ. ಅಲ್ಲಿ ಜಾಗ ನಿರ್ಧರಿಸುವುದು ಟಾಮಲ್ ಕಡತವಲ್ಲ, ಸಿಸ್ಟಂಡಿಯ ಸಾಕೆಟ್ ಕಡತ. ಅದರಲ್ಲಿರುವ ವಿಳಾಸ 127.0.2.1. ಸಾಕೆಟ್ ಕಡತವನ್ನು ತಿದ್ದಿ, ಇಲ್ಲವೇ ಸಾಕೆಟ್ಟನ್ನು ನಿಲ್ಲಿಸಿ ಟಾಮಲ್ ಕಡತದ ಲಿಸನ್-ಅಡ್ರೆಸಸ್ ಸಾಲಿಗೆ ಅಧಿಕಾರ ಕೊಡಿ. ಎರಡನ್ನೂ ಅರ್ಧರ್ಧ ಮಾಡಿದರೆ ತಲೆಬುಡ ಗೊತ್ತಾಗುವುದಿಲ್ಲ.

ಗಡಿಯಾರ ಹಿಂದೆ ಬಿದ್ದ ಯಂತ್ರ

ನಮ್ಮ ವಾಚನಾಲಯ ತೆರೆಯುವುದು ಭಾನುವಾರ ಮಾತ್ರ. ಉಳಿದ ದಿನ ಮೇನ್ ಸ್ವಿಚ್ಚೇ ಆಫ್. ಅಲ್ಲಿ ರಿಸಾಲ್ವರ್ ಓಡುವುದು ಒಂದು ರಾಸ್‌ಬೆರಿ ಪೈ 4ರ ಮೇಲೆ. ಭಾನುವಾರ ಬೆಳಿಗ್ಗೆ ಸ್ವಿಚ್ ಹಾಕಿದರೆ ಪೈ ಬೂಟ್ ಆಗುತ್ತದೆ, ರಿಸಾಲ್ವರ್ ಓಡುತ್ತಿದೆ ಎಂದೂ ತೋರಿಸುತ್ತದೆ, ಯಾವ ಹೆಸರಿಗೂ ಉತ್ತರ ಕೊಡುವುದಿಲ್ಲ. ಕೀಲಿ ನೋಡಿಕೊಳ್ಳುವ ಅಕ್ಕ ಫೋನ್ ಮಾಡಿ, "ತಮ್ಮಾ, ಇಂಟರ್‌ನೆಟ್ ಬಿಲ್ಲು ಕಟ್ಟಿಲ್ವೇನು?" ಎಂದು ಕೇಳಿದರು. ಪೈಗೆ ಲಾಗಿನ್ ಆಗಿ ಡೇಟ್ ಎಂದು ಕೊಟ್ಟಾಗ ಪರದೆಯ ಮೇಲೆ ಬಂದದ್ದು ಹಿಂದಿನ ಭಾನುವಾರದ ಸಂಜೆ. ಲಾಗಿನಲ್ಲಿ ಸರ್ಟಿಫಿಕೇಟ್ ಇನ್ನೂ ಜಾರಿಗೆ ಬಂದಿಲ್ಲ ಎಂಬ ಅರ್ಥದ ಸಾಲುಗಳು.

ಪೈ 4ರವರೆಗಿನ ಯಾವ ರಾಸ್‌ಬೆರಿ ಪೈಯಲ್ಲೂ ಬ್ಯಾಟರಿಯಿಂದ ನಡೆಯುವ ಗಡಿಯಾರವಿಲ್ಲ. ಪೈ 5ರಲ್ಲಿ ಗಡಿಯಾರವಿದೆ, ಬ್ಯಾಟರಿಯನ್ನು ನಾವೇ ಜೋಡಿಸಬೇಕು. ಗಡಿಯಾರ ಇಲ್ಲದ ಯಂತ್ರ ಆಫ್ ಆಗುವ ಮುನ್ನ ಉಳಿಸಿಟ್ಟ ಹೊತ್ತಿನಿಂದಲೇ ಮತ್ತೆ ಎಣಿಸಲು ಶುರುಮಾಡುತ್ತದೆ, ಆಮೇಲೆ ಹೊತ್ತು ಹೇಳುವ ಎನ್‌ಟಿಪಿ ಸರ್ವರನ್ನು ಕೇಳಿ ಸರಿಪಡಿಸಿಕೊಳ್ಳುತ್ತದೆ. ತೊಂದರೆ ಇರುವುದು ಇಲ್ಲೇ. ಎನ್‌ಟಿಪಿ ಸರ್ವರನ್ನು ಅದು ಹೆಸರಿನಿಂದ ಹುಡುಕುತ್ತದೆ. ಹೆಸರು ಬಿಡಿಸಲು ಡಿಎನ್‌ಎಸ್ ಬೇಕು, ಡಿಎನ್‌ಎಸ್ ನಡೆಯಲು ಸರಿಯಾದ ಹೊತ್ತು ಬೇಕು, ಸರಿಯಾದ ಹೊತ್ತಿಗೆ ಎನ್‌ಟಿಪಿ ಬೇಕು. ಸುತ್ತು ಮುಗಿಯುವುದೇ ಇಲ್ಲ.

ಒಂದು ವಾರ ಹಿಂದೆ ಬಿದ್ದರೆ ಏನೇನು ಕೆಡುತ್ತದೆ ಎಂಬುದನ್ನು ಬಿಡಿಸಿ ನೋಡುವುದು ಒಳ್ಳೆಯದು, ಏಕೆಂದರೆ ಎಲ್ಲವೂ ಒಟ್ಟಿಗೆ ಕೆಡುವುದಿಲ್ಲ. ಟಿಎಲ್‌ಎಸ್ ಸರ್ಟಿಫಿಕೇಟುಗಳ ಬಾಳಿಕೆ ಸಾಮಾನ್ಯವಾಗಿ ತಿಂಗಳುಗಳಲ್ಲಿ ಇರುವುದರಿಂದ ಡಿಒಟಿ, ಡಿಒಎಚ್ ಸರ್ವರ್‌ಗಳು ಆ ವಾರದಲ್ಲೇ ಸರ್ಟಿಫಿಕೇಟ್ ಬದಲಿಸಿರದಿದ್ದರೆ ಬದುಕಿಕೊಳ್ಳುತ್ತವೆ. ಡಿಎನ್‌ಎಸ್‌ಕ್ರಿಪ್ಟ್ ಸರ್ವರ್‌ಗಳ ಸರ್ಟಿಫಿಕೇಟುಗಳು ಅಲ್ಪಾಯುಷಿಗಳು, ಅವು ಮೊದಲು ಬೀಳುತ್ತವೆ. ಡಿಎನ್‌ಎಸ್‌ಸೆಕ್ ಸಹಿಗಳಲ್ಲೂ ಇಂಥ ದಿನದಿಂದ ಇಂಥ ದಿನದವರೆಗೆ ಎಂದಿರುತ್ತದೆ, ಕೆಲವು ಡೊಮೇನ್‌ಗಳಲ್ಲಿ ಅದು ಎರಡೇ ದಿನದ ಅವಧಿ. ಹಾಗಾಗಿ ಡಿಒಟಿ ಸಂಪರ್ಕ ಸರಿಯಾಗಿದ್ದು, ಕೆಲವು ಹೆಸರು ಸಿಕ್ಕಿ ಕೆಲವಕ್ಕೆ ಸರ್ವ್‌ಫೇಲ್ ಬಂದರೆ, ಪ್ಲಸ್ ಸಿಡಿ ಕೊಟ್ಟಾಗ ಅವೂ ಸಿಕ್ಕರೆ, ಮೊದಲು ಗಡಿಯಾರ ನೋಡಿ.

ಪರಿಹಾರ ಸಣ್ಣದು. ಟೈಮ್‌ಸಿಂಕ್‌ಡಿಯ ಸೆಟ್ಟಿಂಗ್‌ನಲ್ಲಿ ಎನ್‌ಟಿಪಿ ಸರ್ವರ್‌ನ ಹೆಸರಿನ ಬದಲು ಸಂಖ್ಯಾ ವಿಳಾಸ ಕೊಡಿ. ಕ್ಲೌಡ್‌ಫ್ಲೇರ್‌ನ ಸಮಯ ಸರ್ವರ್ 162.159.200.1, ಗೂಗಲ್‌ನದು 216.239.35.0. ಎರಡನ್ನೂ ಬೆರೆಸಬೇಡಿ, ಗೂಗಲ್‌ನದು ಅಧಿಕ ಸೆಕೆಂಡನ್ನು ಬೇರೆ ರೀತಿಯಲ್ಲಿ ಹಂಚುತ್ತದೆ. ಡಿಎನ್‌ಎಸ್‌ಕ್ರಿಪ್ಟ್-ಪ್ರಾಕ್ಸಿಯಲ್ಲಿ ಸರ್ಟ್-ಇಗ್ನೋರ್-ಟೈಮ್‌ಸ್ಟ್ಯಾಂಪ್ ಎಂಬ ಆಯ್ಕೆಯೂ ಇದೆ. ಅದನ್ನು ಆನ್ ಮಾಡಿದರೆ ಮೊದಲ ಸಂಪರ್ಕ ಆಗುವವರೆಗೆ ಮಾತ್ರ ದಿನಾಂಕದ ಪರೀಕ್ಷೆ ಇರುವುದಿಲ್ಲ, ಆಮೇಲೆ ಶುರುವಾಗುತ್ತದೆ. ಬ್ಯಾಟರಿ ಇಲ್ಲದ ಯಂತ್ರಗಳಿಗೆಂದೇ ಅದನ್ನು ಇಟ್ಟಿದ್ದಾರೆ. ನನಗೆ ಇವೆಲ್ಲಕ್ಕಿಂತ ಇಷ್ಟವಾದದ್ದು ಪೈಯ ಪಿನ್ನುಗಳಿಗೆ ಸಿಕ್ಕಿಸುವ ಡಿಎಸ್3231 ಗಡಿಯಾರದ ಚಿಕ್ಕ ಬೋರ್ಡು. ಮುಂಬೈಯ ಲ್ಯಾಮಿಂಗ್ಟನ್ ರಸ್ತೆಯ ಅಂಗಡಿಗಳಲ್ಲಿ ಸಿಗುತ್ತದೆ, ಹಾಕಿದ ಮೇಲೆ ಈ ಚಿಂತೆಯೇ ಇಲ್ಲ.

ಕೇಬಲ್‌ವಾಲಾನ ತಂತಿಯ ಮೇಲೆ

ಸ್ಥಳೀಯ ರಿಸಾಲ್ವರ್ ಸರಿಯಿದೆ, ಗಡಿಯಾರವೂ ಸರಿಯಿದೆ. ಇನ್ನು ಹೊರಗಿನ ದಾರಿ. ಇಲ್ಲಿ ಸ್ಥಳೀಯ ರಿಸಾಲ್ವರನ್ನು ಬಿಟ್ಟು ನೇರವಾಗಿ ದೂರದ ಸರ್ವರನ್ನೇ ಕೇಳಬೇಕು. ನಾಟ್ ಡಿಎನ್‌ಎಸ್ ಯೋಜನೆಯ ಕೆಡಿಗ್ ಇದಕ್ಕೆ ಹೇಳಿ ಮಾಡಿಸಿದಂತಿದೆ, ಟಿಎಲ್‌ಎಸ್ ಸರ್ಟಿಫಿಕೇಟನ್ನೂ ತೆರೆದು ತೋರಿಸುತ್ತದೆ. ಬೈಂಡ್ 9.18ರಿಂದೀಚೆಗಿನ ಡಿಗ್‌ನಲ್ಲೂ ಪ್ಲಸ್ ಟಿಎಲ್‌ಎಸ್, ಪ್ಲಸ್ ಎಚ್‌ಟಿಟಿಪಿಎಸ್ ಸ್ವಿಚ್‌ಗಳಿವೆ.

853 ಮುಚ್ಚಿದ್ದರೆ ಸಂಪರ್ಕವೇ ಆಗದೆ ಟೈಮ್‌ಔಟ್ ಬರುತ್ತದೆ. ಎನ್‌ಸಿ ಆದೇಶದಿಂದ 9.9.9.9ರ 853 ಮತ್ತು 443 ಎರಡನ್ನೂ ತಟ್ಟಿ ನೋಡಿ. 443 ತೆರೆದಿದ್ದು 853 ಮುಚ್ಚಿದ್ದರೆ ಡಿಒಟಿ ಬಿಟ್ಟು ಡಿಒಎಚ್‌ಗೆ ಹೋಗಿ. ಕಾಲೇಜು ಹಾಸ್ಟೆಲ್, ಕಚೇರಿ ಇಂಥ ಕಡೆ ಇದು ಸಾಮಾನ್ಯ. ಇದರಲ್ಲಿ ಹೆಚ್ಚು ಹೇಳುವುದೇನಿಲ್ಲ.

ಹೇಳಬೇಕಾದ್ದು ಇನ್ನೊಂದಿದೆ. ತಟ್ಟಿದರೆ 853 ತೆರೆಯುತ್ತದೆ, ಆದರೆ ಕೆಡಿಗ್ ಟಿಎಲ್‌ಎಸ್ ಕೈಕುಲುಕುವ ನಡುವೆಯೇ ನಿಂತುಬಿಡುತ್ತದೆ. ತಪ್ಪು ಸಂದೇಶವೂ ಇಲ್ಲ, ಉತ್ತರವೂ ಇಲ್ಲ. ಪಿಪಿಪಿಒಇ ಮೂಲಕ, ಅಂದರೆ ಯೂಸರ್‌ನೇಮ್ ಪಾಸ್‌ವರ್ಡ್ ಹಾಕಿ ಡಯಲ್ ಮಾಡುವ ಸಂಪರ್ಕದ ಮೂಲಕ ಇಂಟರ್ನೆಟ್ ಬರುವ ಮನೆಗಳಲ್ಲಿ ಇದು ಕಾಣಸಿಗುತ್ತದೆ. ಮಾಮೂಲಿ ಈಥರ್ನೆಟ್ ಪ್ಯಾಕೆಟ್ಟಿನ ಗರಿಷ್ಠ ಗಾತ್ರ 1500 ಬೈಟ್, ಪಿಪಿಪಿಒಇ ತನ್ನ ತಲೆಬರಹಕ್ಕೆ 8 ತೆಗೆದುಕೊಳ್ಳುವುದರಿಂದ ಉಳಿಯುವುದು 1492. ರೂಟರ್ ಇದನ್ನು ಎರಡೂ ಕಡೆಗೆ ಹೊಂದಿಸಿ ಹೇಳಬೇಕು. ಹೇಳದಿದ್ದರೆ ದೂರದ ಸರ್ವರ್ ತುಂಬು ಗಾತ್ರದ ಪ್ಯಾಕೆಟ್ ಕಳಿಸುತ್ತದೆ, ಅದು ನಡುದಾರಿಯಲ್ಲಿ ಬೀಳುತ್ತದೆ. ಸಂಪರ್ಕ ಶುರುಮಾಡುವ ಪ್ಯಾಕೆಟ್ಟುಗಳು ಚಿಕ್ಕವು, ದಾಟುತ್ತವೆ. ಸರ್ವರ್ ತನ್ನ ಸರ್ಟಿಫಿಕೇಟ್ ಕಳಿಸುವಾಗ ಬರುವ ಪ್ಯಾಕೆಟ್ಟುಗಳು ದೊಡ್ಡವು, ದಾಟುವುದಿಲ್ಲ. 53ರ ಹಳೆಯ ಡಿಎನ್‌ಎಸ್ ಪ್ರಶ್ನೋತ್ತರ ಚಿಕ್ಕದಾದ್ದರಿಂದ ಅದಕ್ಕೆ ಏನೂ ಆಗುವುದಿಲ್ಲ. ನೋಡುವವರಿಗೆ ಎನ್‌ಕ್ರಿಪ್ಷನ್ನೇ ತಪ್ಪಿತಸ್ಥನಂತೆ ಕಾಣುತ್ತದೆ, ಎಷ್ಟೋ ಮಂದಿ ಡಿಒಟಿಯನ್ನು ಬಿಟ್ಟುಬಿಡುವುದು ಇಲ್ಲೇ.

ಪರೀಕ್ಷಿಸುವ ಬಗೆ: ಪಿಂಗ್‌ಗೆ ತುಂಡರಿಸಬೇಡ ಎಂಬ ಸ್ವಿಚ್ ಕೊಟ್ಟು, ಮೊದಲು 1472 ಬೈಟ್, ಆಮೇಲೆ 1464 ಬೈಟ್ ಕಳಿಸಿ. ತಲೆಬರಹದ 28 ಸೇರಿ ಅವು 1500 ಮತ್ತು 1492 ಆಗುತ್ತವೆ. ಮೊದಲನೆಯದು ಬಿದ್ದು ಎರಡನೆಯದು ದಾಟಿದರೆ ಅನುಮಾನ ಗಟ್ಟಿ. ಲ್ಯಾಪ್‌ಟಾಪಿನ ಎಂಟಿಯು (ಪ್ಯಾಕೆಟ್ಟಿನ ಗರಿಷ್ಠ ಗಾತ್ರ) ಬೆಲೆಯನ್ನೇ 1492ಕ್ಕೆ ಇಳಿಸಿ ಕೆಡಿಗ್ ಮತ್ತೆ ಓಡಿಸಿ. ಥಟ್ಟನೆ ಉತ್ತರ ಬಂದರೆ ಇನ್ನು ಸಂಶಯವಿಲ್ಲ. ಶಾಶ್ವತ ಪರಿಹಾರ ರೂಟರ್‌ನಲ್ಲಿ, ಪ್ಯಾಕೆಟ್ಟಿನ ಗಾತ್ರವನ್ನು ಎರಡೂ ಕಡೆಗೆ ಹೊಂದಿಸುವ ಎಂಎಸ್‌ಎಸ್ ಕ್ಲಾಂಪಿಂಗ್ ಎಂಬ ಆಯ್ಕೆಯನ್ನು ಆನ್ ಮಾಡುವುದು. ಓಪನ್‌ಡಬ್ಲ್ಯುಆರ್‌ಟಿ ಹಾಕಿದ ರೂಟರ್‌ಗಳಲ್ಲಿ ಅದು ಮೊದಲಿಂದಲೇ ಆನ್ ಇರುತ್ತದೆ.

ನಡುವೆ ಕೂತು ಉತ್ತರ ಕೊಡುವವರನ್ನು ಹಿಡಿಯುವುದಕ್ಕೂ ಒಂದು ಚಂದದ ಉಪಾಯವಿದೆ. 192.0.2.1 ಎಂಬುದು ದಸ್ತಾವೇಜುಗಳಲ್ಲಿ ಉದಾಹರಣೆಗೆಂದು ಮೀಸಲಿಟ್ಟ ವಿಳಾಸ, ಅಲ್ಲಿ ಯಾವ ಸರ್ವರೂ ಇಲ್ಲ. ಡಿಗ್‌ನಿಂದ ಅಲ್ಲಿಗೆ ಒಂದು ಹೆಸರು ಕೇಳಿ. ಟೈಮ್‌ಔಟ್ ಆಗಬೇಕು. ಉತ್ತರ ಬಂತೆಂದರೆ 53ನೇ ಪೋರ್ಟಿಗೆ ಹೋಗುವ ಪ್ರಶ್ನೆಗಳನ್ನು ದಾರಿಯಲ್ಲಿ ಯಾರೋ ಹಿಡಿದು ತಾವೇ ಉತ್ತರಿಸುತ್ತಿದ್ದಾರೆ. ಎನ್‌ಕ್ರಿಪ್ಟ್ ಆದ ಪ್ರಶ್ನೆಯನ್ನು ಅವರು ಹಾಗೆ ಹಿಡಿಯಲಾರರು. ಆದರೆ ಡಿಒಎಚ್ ಸರ್ವರ್‌ನ ಹೆಸರನ್ನು ಬಿಡಿಸಲು ರಿಸಾಲ್ವರ್ ಶುರುವಿನಲ್ಲಿ ಕಳಿಸುವ ಒಂದು ಬೂಟ್‌ಸ್ಟ್ರಾಪ್ ಪ್ರಶ್ನೆ ಇದೆಯಲ್ಲ, ಅದು 53ರಲ್ಲೇ ಹೋಗುತ್ತದೆ. ಅದಕ್ಕೆ ತಪ್ಪು ವಿಳಾಸ ಸಿಕ್ಕಿದರೆ ರಿಸಾಲ್ವರ್ ಬೇರೆಯವರ ಬಾಗಿಲು ತಟ್ಟುತ್ತದೆ, ಸರ್ಟಿಫಿಕೇಟಿನಲ್ಲಿರುವ ಹೆಸರು ಹೊಂದುತ್ತಿಲ್ಲ ಎಂದು ಲಾಗ್ ಬರೆಯುತ್ತದೆ. ಇದನ್ನು ಕಂಡು ಸರ್ಟಿಫಿಕೇಟ್ ಪರೀಕ್ಷೆಯನ್ನೇ ಆಫ್ ಮಾಡಿ ಎಂದು ಸಲಹೆ ಕೊಡುವವರಿದ್ದಾರೆ. ದಯವಿಟ್ಟು ಮಾಡಬೇಡಿ. ಅಲ್ಲಿ ಟಿಎಲ್‌ಎಸ್ ಕೆಟ್ಟಿಲ್ಲ, ಯಾವ ಕೆಲಸಕ್ಕೆ ಇಟ್ಟಿದ್ದೇವೋ ಅದನ್ನೇ ಮಾಡುತ್ತಿದೆ. ಸರ್ವರ್‌ನ ಸಂಖ್ಯಾ ವಿಳಾಸವನ್ನೇ ಸೆಟ್ಟಿಂಗ್‌ನಲ್ಲಿ ಬರೆದರೆ ಬೂಟ್‌ಸ್ಟ್ರಾಪ್ ಪ್ರಶ್ನೆಯೇ ಬೇಕಿಲ್ಲ.

ಸದ್ದಿಲ್ಲದೆ ನಡೆಯುವ ದೋಷ

ಇಲ್ಲಿಯವರೆಗೆ ಹೇಳಿದ್ದು ಕೂಗಿ ಹೇಳುವ ದೋಷಗಳು. ಪುಟ ತೆರೆಯದಿದ್ದರೆ ಮನೆಯವರೇ ಕರೆಯುತ್ತಾರೆ. ನನ್ನನ್ನು ಹೆಚ್ಚು ಕಾಡುವುದು ಎಲ್ಲ ಪುಟವೂ ತೆರೆಯುತ್ತಿದ್ದು, ಪ್ರಶ್ನೆಗಳು ಮಾತ್ರ ಹಳೆಯ ದಾರಿಯಲ್ಲೇ ಹೋಗುತ್ತಿರುವ ಸ್ಥಿತಿ. ಅದನ್ನು ಯಾರೂ ದೂರುವುದಿಲ್ಲ. ಹಾಗಾಗಿ ಎಲ್ಲ ಸರಿಯಾದ ಮೇಲೂ ಹೋಗಿಬರುವ ಪ್ಯಾಕೆಟ್ಟುಗಳನ್ನು ತೋರಿಸುವ ಟಿಸಿಪಿಡಂಪ್ ಓಡಿಸಿ, 53ನೇ ಪೋರ್ಟಿನಲ್ಲಿ ಹೊರಗೆ ಏನಾದರೂ ಹೋಗುತ್ತಿದೆಯೇ ಎಂದು ನೋಡಲೇಬೇಕು. ಲ್ಯಾಪ್‌ಟಾಪಿನಿಂದ ಪೈಗೆ 53ರಲ್ಲಿ ಹೋಗುವುದು ಸಹಜ, ಪೈಯಿಂದ ಆಚೆಗೆ ಹೋಗಬಾರದು. ಬೂಟ್ ಆದಾಗ ಕಾಣುವ ಒಂದೆರಡು ಬೂಟ್‌ಸ್ಟ್ರಾಪ್ ಪ್ರಶ್ನೆಗಳಿಗೆ ಗಾಬರಿ ಬೇಡ. ನೀವು ತೆರೆಯುವ ತಾಣಗಳ ಹೆಸರು ಅಲ್ಲಿ ಕಂಡರೆ ಸೋರಿಕೆ ಇದೆ.

ಸೋರುವ ಜಾಗಗಳಲ್ಲಿ ಮೊದಲನೆಯದು ಸೆಕೆಂಡರಿ ಡಿಎನ್‌ಎಸ್. ರೂಟರ್‌ನಲ್ಲಿ ಯಂತ್ರಗಳಿಗೆ ವಿಳಾಸ ಹಂಚುವ ಡಿಎಚ್‌ಸಿಪಿ ಪುಟದಲ್ಲಿ ಪ್ರೈಮರಿಗೆ ಪೈಯ ವಿಳಾಸ ಹಾಕಿ, ಸೆಕೆಂಡರಿಗೆ "ಇರಲಿ, ಅದು ಕೆಟ್ಟರೆ ಇದು" ಎಂದು 8.8.8.8 ಹಾಕುವ ರೂಢಿ ಎಲ್ಲೆಡೆ ಇದೆ. ಸೆಕೆಂಡರಿಯನ್ನು ಕಾಯ್ದಿಟ್ಟ ಆಟಗಾರನಂತೆ ಎಲ್ಲ ಯಂತ್ರಗಳೂ ನೋಡುವುದಿಲ್ಲ. ಮೊದಲನೆಯದು ಸ್ವಲ್ಪ ತಡಮಾಡಿದರೆ ಸಾಕು, ಎರಡನೆಯದನ್ನು ಕೇಳಿಬಿಡುತ್ತವೆ. ಆ ಜಾಗ ಖಾಲಿ ಬಿಡಿ, ಖಾಲಿ ಬಿಡಲು ರೂಟರ್ ಒಪ್ಪದಿದ್ದರೆ ಪೈಯ ವಿಳಾಸವನ್ನೇ ಎರಡು ಸಲ ಬರೆಯಿರಿ.

ಎರಡನೆಯದು ಐಪಿವಿ6. ಐಪಿವಿ4ಗೆ ಎಲ್ಲ ಅಚ್ಚುಕಟ್ಟಾಗಿ ಹೊಂದಿಸಿದ ಮನೆಯಲ್ಲೂ ರೂಟರ್ ಐಪಿವಿ6 ಪ್ರಕಟಣೆಯ ಮೂಲಕ ತನ್ನದೇ ಡಿಎನ್‌ಎಸ್ ವಿಳಾಸವನ್ನು ಎಲ್ಲ ಯಂತ್ರಗಳಿಗೆ ಹಂಚುತ್ತಿರಬಹುದು. ಲಿನಕ್ಸ್‌ನಲ್ಲಿ ರಿಸಾಲ್ವ್‌ಸಿಟಿಎಲ್ ಸ್ಟೇಟಸ್ ಕೊಟ್ಟರೆ ಪೈಯ ವಿಳಾಸದ ಪಕ್ಕದಲ್ಲಿ ಉದ್ದನೆಯ ಐಪಿವಿ6 ವಿಳಾಸವೊಂದು ಕೂತಿರುವುದು ಕಾಣುತ್ತದೆ. ರೂಟರ್‌ನಲ್ಲಿ ಆ ಪ್ರಕಟಣೆಯನ್ನು ನಿಲ್ಲಿಸಿ, ಇಲ್ಲವೇ ಅಲ್ಲಿ ಪೈಯ ಐಪಿವಿ6 ವಿಳಾಸ ಕೊಡಿ. ಐಪಿವಿ6ನ್ನೇ ಆಫ್ ಮಾಡಿಬಿಡುವುದು ನನಗೆ ಒಪ್ಪಿಗೆಯಿಲ್ಲದ ಪರಿಹಾರ.

ಮೂರನೆಯದು, ಎನ್‌ಕ್ರಿಪ್ಟ್ ಆದರೆ ಆಗಲಿ, ಆಗದಿದ್ದರೆ ಬಿಡು ಎಂಬ ಸೆಟ್ಟಿಂಗ್‌ಗಳು. ಆಂಡ್ರಾಯ್ಡ್ 9ರಿಂದ ಬಂದಿರುವ ಖಾಸಗಿ ಡಿಎನ್‌ಎಸ್‌ನಲ್ಲಿ ಆಟೊಮ್ಯಾಟಿಕ್ ಎಂದಿದ್ದರೆ, ಜಾಲದ ಸರ್ವರ್‌ಗೆ ಡಿಒಟಿ ಗೊತ್ತಿದ್ದರೆ ಎನ್‌ಕ್ರಿಪ್ಟ್, ಇಲ್ಲದಿದ್ದರೆ ತೆರೆದ ಅಕ್ಷರ. ಹೆಸರು ಕೊಟ್ಟರೆ ಮಾತ್ರ ಕಟ್ಟುನಿಟ್ಟು. ಅಲ್ಲಿ 9.9.9.9 ಎಂದು ಸಂಖ್ಯೆ ಬರೆದರೆ ಒಪ್ಪುವುದಿಲ್ಲ, ಸರ್ವರ್‌ನ ಪೂರ್ತಿ ಹೆಸರೇ ಬೇಕು. ಸಿಸ್ಟಂಡಿ-ರಿಸಾಲ್ವ್ಡ್‌ನ ಡಿಎನ್‌ಎಸ್‌ಓವರ್‌ಟಿಎಲ್‌ಎಸ್ ಆಯ್ಕೆಯಲ್ಲಿ ಆಪರ್ಚುನಿಸ್ಟಿಕ್ ಎಂದಿದ್ದರೂ ಇದೇ ಕಥೆ, ಯೆಸ್ ಎಂದಿರಬೇಕು. ಫೈರ್‌ಫಾಕ್ಸ್‌ನ ಡಿಒಎಚ್ ಸೆಟ್ಟಿಂಗ್ ಆದ ಟಿಆರ್‌ಆರ್ ಮೋಡ್ 2 ಆಗಿದ್ದರೆ ಸೋತಾಗ ಹಳೆಯ ದಾರಿಗೆ ಮರಳುತ್ತದೆ, 3 ಆಗಿದ್ದರೆ ಮರಳುವುದಿಲ್ಲ.

ಎಲ್ಲಕ್ಕಿಂತ ಸೂಕ್ಷ್ಮವಾದದ್ದು ಅನ್‌ಬೌಂಡ್‌ನ ಒಂದು ಸಾಲು. ಫಾರ್ವರ್ಡ್-ಅಡ್ರ್ ಎಂಬಲ್ಲಿ ಸರ್ವರ್‌ನ ಸಂಖ್ಯೆ, ಅಟ್ ಗುರುತು, 853, ಹ್ಯಾಶ್ ಗುರುತು, ಸರ್ವರ್‌ನ ಹೆಸರು ಇವನ್ನು ಒಂದಕ್ಕೊಂದು ಅಂಟಿಸಿ ಬರೆಯಬೇಕು. ಹ್ಯಾಶ್‌ಗೆ ಮೊದಲು ಒಂದು ಜಾಗ ಬಿಟ್ಟರೆ ಅಲ್ಲಿಂದ ಮುಂದಿನದು ಟಿಪ್ಪಣಿ ಎಂದು ಅನ್‌ಬೌಂಡ್ ಬಗೆಯುತ್ತದೆ. ಆಗ ಸಂಪರ್ಕ ಎನ್‌ಕ್ರಿಪ್ಟ್ ಆಗಿರುತ್ತದೆ, ಆದರೆ ಎದುರಿಗಿರುವವರು ಯಾರು ಎಂಬ ಪರೀಕ್ಷೆ ನಡೆಯುವುದೇ ಇಲ್ಲ. ಅನ್‌ಬೌಂಡ್-ಚೆಕ್‌ಕಾನ್ಫ್ ಕೂಡ ತಪ್ಪಿಲ್ಲ ಎನ್ನುತ್ತದೆ, ವ್ಯಾಕರಣದ ಪ್ರಕಾರ ತಪ್ಪಿಲ್ಲವಲ್ಲ. ಪರೀಕ್ಷಿಸಲು ಬೇಕೆಂದೇ ತಪ್ಪು ಹೆಸರು ಬರೆದು ರೀಸ್ಟಾರ್ಟ್ ಮಾಡಿ. ಆಗಲೂ ಉತ್ತರ ಬರುತ್ತಿದ್ದರೆ ಹೆಸರಿನ ಪರೀಕ್ಷೆ ನಡೆಯುತ್ತಿಲ್ಲ. ಹೆಸರು ಸರಿಯಾಗಿ ಬರೆದ ಮೇಲೆ ಎಲ್ಲವೂ ಸರ್ವ್‌ಫೇಲ್ ಆದರೆ ಟಿಎಲ್‌ಎಸ್-ಸರ್ಟ್-ಬಂಡಲ್ ಸಾಲು ಬಿಟ್ಟುಹೋಗಿದೆಯೇ ನೋಡಿ.

ಮನೆಯೊಳಗಿನ ಹೆಸರುಗಳು

ಮಾಟುಂಗಾದ ಒಂದು ಉಡುಪಿ ಹೋಟೆಲಿನವರು ಫೋನ್ ಮಾಡಿದ್ದರು. "ಎಂತ ಆಯ್ತು ಮಾರಾಯ್ರೆ? ಯುಪಿಐ ಹೋಗ್ತದೆ, ಆನ್‌ಲೈನ್ ಆರ್ಡರ್ ಬರ್ತದೆ, ಕೌಂಟರಿಂದ ಅಡುಗೆಮನೆಗೆ ಮಾತ್ರ ಕೆಒಟಿ ಹೋಗುದಿಲ್ಲ!" ಕೆಒಟಿ ಅಂದರೆ ಅಡುಗೆಮನೆಗೆ ಹೋಗುವ ಆರ್ಡರ್ ಚೀಟಿ. ಬಿಲ್ಲಿಂಗ್ ತಂತ್ರಾಂಶದಲ್ಲಿ ಅಡುಗೆಮನೆಯ ಪ್ರಿಂಟರನ್ನು ಕಿಚನ್ ಡಾಟ್ ಲ್ಯಾನ್ ಎಂಬ ಹೆಸರಿನಿಂದ ಕೂರಿಸಿದ್ದರು. ಆ ಹೆಸರು ಗೊತ್ತಿದ್ದದ್ದು ರೂಟರ್‌ಗೆ ಮಾತ್ರ. ಎನ್‌ಕ್ರಿಪ್ಟ್ ಮಾಡಿದ ಡಿಎನ್‌ಎಸ್ ಹಾಕಿದ್ದರಿಂದ ಈಗ ಪ್ರಶ್ನೆ ರೂಟರನ್ನು ಕೇಳದೆ ನೇರ ಹೊರಗೆ ಹೋಗುತ್ತಿದೆ, ಅಂಥ ಹೆಸರಿಲ್ಲ ಎಂದು ಹೊರಗಿನ ಸರ್ವರ್ ನಿಜವನ್ನೇ ಹೇಳುತ್ತಿದೆ. ಎನ್‌ಎಕ್ಸ್‌ಡೊಮೇನ್ ಬಂದಾಗ ಯಾರು ಹೇಳಿದರು ಎಂದು ಹುಡುಕಿ ಎಂದದ್ದು ಇದಕ್ಕೇ. ಡಿಎನ್‌ಎಸ್‌ಕ್ರಿಪ್ಟ್-ಪ್ರಾಕ್ಸಿಯ ಫಾರ್ವರ್ಡಿಂಗ್ ನಿಯಮಗಳ ಕಡತದಲ್ಲಿ ಲ್ಯಾನ್ ಎಂದು ಬರೆದು ಪಕ್ಕದಲ್ಲಿ ರೂಟರ್‌ನ ವಿಳಾಸ ಕೊಟ್ಟರೆ ಆ ಕೊನೆಯ ಹೆಸರುಗಳೆಲ್ಲ ರೂಟರ್‌ಗೇ ಹೋಗುತ್ತವೆ. ಆಡ್‌ಗಾರ್ಡ್ ಹೋಮ್‌ನಲ್ಲಾದರೆ ಡಿಎನ್‌ಎಸ್ ರೀರೈಟ್ ಪುಟ ಸಾಕು. ಕಚೇರಿಯ ವಿಪಿಎನ್ ಹಾಕಿದಾಗ ಒಳಗಿನ ತಾಣಗಳು ಸಿಗದಿರುವುದೂ ಇದೇ ದೋಷ, ಪರಿಹಾರವೂ ಇದೇ. ಹೊಸದಾಗಿ ಹೆಸರಿಡುವವರು ಡಾಟ್ ಲೋಕಲ್ ಎಂದು ಇಡಬೇಡಿ, ಅದು ಮನೆಯ ಯಂತ್ರಗಳೇ ಸರ್ವರ್ ಇಲ್ಲದೆ ಒಂದನ್ನೊಂದು ಹುಡುಕಲು ಬಳಸುವ ಎಂಡಿಎನ್‌ಎಸ್‌ಗೆ ಮೀಸಲು.

ನಿಲ್ದಾಣದ ವೈಫೈ

ಗೂಗಲ್ ಮತ್ತು ರೈಲ್‌ಟೆಲ್ ಸೇರಿ ಕೊಟ್ಟ ರೈಲು ನಿಲ್ದಾಣದ ಉಚಿತ ವೈಫೈ 2016ರ ಜನವರಿಯಲ್ಲಿ ಮುಂಬೈ ಸೆಂಟ್ರಲ್‌ನಲ್ಲಿ ಶುರುವಾಯಿತು. ಅಲ್ಲಿಂದೀಚೆಗೆ ಒಟಿಪಿ ಕೇಳುವ ಲಾಗಿನ್ ಪುಟ ಎಲ್ಲರಿಗೂ ಪರಿಚಿತ. ಆ ಪುಟಕ್ಕೆ ನಿಮ್ಮನ್ನು ಕರೆದೊಯ್ಯಲು ಇಂಥ ಜಾಲಗಳು ಬಹುಮಟ್ಟಿಗೆ ನಿಮ್ಮ ಡಿಎನ್‌ಎಸ್ ಉತ್ತರವನ್ನೇ ಬದಲಿಸುತ್ತವೆ. ಎನ್‌ಕ್ರಿಪ್ಟ್ ಆದ ಉತ್ತರವನ್ನು ಬದಲಿಸಲಾಗದು, ಲಾಗಿನ್ ಆಗುವ ತನಕ ಹೊರಗೂ ಬಿಡರು, ಹಾಗಾಗಿ ಪುಟವೂ ಬರುವುದಿಲ್ಲ, ಇಂಟರ್ನೆಟ್ಟೂ ಬರುವುದಿಲ್ಲ. ಬ್ರೌಸರಿನಲ್ಲಿ ಗೇಟ್‌ವೇಯ ಸಂಖ್ಯೆಯನ್ನೇ ಟೈಪ್ ಮಾಡಿ ನೋಡಿ, ಎಷ್ಟೋ ಕಡೆ ಲಾಗಿನ್ ಪುಟ ಅಲ್ಲೇ ಇರುತ್ತದೆ. ಡಿಎನ್‌ಎಸ್‌ಕ್ರಿಪ್ಟ್-ಪ್ರಾಕ್ಸಿಯಲ್ಲಿ ಇಂಥ ಲಾಗಿನ್ ಪುಟಗಳಿಗೆ, ಅಂದರೆ ಕ್ಯಾಪ್ಟಿವ್ ಪೋರ್ಟಲ್‌ಗೆಂದೇ ಒಂದು ಕಡತವಿದೆ, ಪ್ರವಾಸ ಮಾಡುವವರು ಅದನ್ನು ಆನ್ ಮಾಡಿಕೊಳ್ಳಿ. ಅದೂ ಆಗದಿದ್ದರೆ ಲಾಗಿನ್ ಆಗುವಷ್ಟು ಹೊತ್ತು ಮಾತ್ರ ಆಫ್ ಮಾಡಿ ಮತ್ತೆ ಆನ್ ಮಾಡಿ. ನಾನು ಆಫ್ ಮಾಡಲು ಒಪ್ಪುವುದು ಈ ಒಂದೇ ಸಂದರ್ಭದಲ್ಲಿ.

ಯಾವುದೂ ಹೊಂದದಿದ್ದರೆ

ಲಾಗ್ ಮಟ್ಟವನ್ನು ಹೆಚ್ಚಿಸಿ. ಡಿಎನ್‌ಎಸ್‌ಕ್ರಿಪ್ಟ್-ಪ್ರಾಕ್ಸಿಯಲ್ಲಿ ಲಾಗ್-ಲೆವೆಲ್ 0 ಎಂದರೆ ಅತಿ ಹೆಚ್ಚು ವಿವರ. ಅದು ಬೂಟ್ ಆದಾಗ ಜಾಲಕ್ಕಾಗಿ ಒಂದು ನಿಮಿಷದವರೆಗೂ ಕಾಯಬಹುದು, ಅಷ್ಟರೊಳಗೆ ಕೆಟ್ಟಿದೆ ಎಂದು ತೀರ್ಮಾನಿಸಬೇಡಿ. ಈ ಸಾಧನಗಳೆಲ್ಲ ಮುಕ್ತ ತಂತ್ರಾಂಶಗಳು, ಬರೆದವರು ದೂರುಗಳನ್ನು ಓದುತ್ತಾರೆ. ಕೆಲಸ ಮಾಡುತ್ತಿಲ್ಲ ಎಂಬ ಒಂದು ಸಾಲು ಬರೆದರೆ ಅವರಿಂದೇನೂ ಆಗದು. ಆವೃತ್ತಿ ಸಂಖ್ಯೆ, ಆಪರೇಟಿಂಗ್ ಸಿಸ್ಟಂ, ಸೆಟ್ಟಿಂಗ್ ಕಡತ, ಡಿಗ್‌ನ ಸ್ಟೇಟಸ್, ಕೆಡಿಗ್‌ನ ಪೂರ್ತಿ ಉತ್ತರ, ಸಂಪರ್ಕ ಪಿಪಿಪಿಒಇಯೇ ಅಲ್ಲವೇ ಎಂಬುದು, ಇಷ್ಟನ್ನು ಸೇರಿಸಿ ಕಳಿಸಿ. ಕಳಿಸುವ ಮುನ್ನ ಲಾಗನ್ನು ಒಮ್ಮೆ ಪೂರ್ತಿ ಓದಿ. ಅದರಲ್ಲಿ ಮನೆಯವರು, ವಾಚನಾಲಯಕ್ಕೆ ಬಂದವರು ತೆರೆದ ತಾಣಗಳ ಹೆಸರುಗಳೂ ಇರಬಹುದು. ಅವನ್ನು ಅಳಿಸಿ, ಸಾರ್ವಜನಿಕ ಐಪಿ ವಿಳಾಸವನ್ನೂ ಅಳಿಸಿ, ಕೆಲಸ ಮುಗಿದ ಮೇಲೆ ಲಾಗ್ ಮಟ್ಟವನ್ನು ಮೊದಲಿನಂತೆ 2ಕ್ಕೆ ತನ್ನಿ.